ತೂಕದ ಆ್ಯಪ್‌ನಲ್ಲಿ ಲೆಕ್ಕ ತಪ್ಪುತ್ತಿದ್ದರೆ ರೈಟರನ್ನು ಬದಲಾಯಿಸಬೇಕೆ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದೊಂದು ಕಾಫಿ ತೋಟವಿದೆ. ಹಣ್ಣು ಕೀಳುವ ಕಾಲದಲ್ಲಿ ಸುಮಾರು 40 ಆಳುಗಳಿರುತ್ತಾರೆ. ಕೆಲವರು ತೋಟದಲ್ಲೇ ಇರುವ ಲೈನ್ ಮನೆಯವರು, ಕೆಲವರು ಅಕ್ಕಪಕ್ಕದ ಊರುಗಳಿಂದ ಜೀಪಿನಲ್ಲಿ ಬರುವವರು. ಈಚೆಗೆ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಒಬ್ಬೊಬ್ಬರು ಕಿತ್ತ ಹಣ್ಣಿನ ತೂಕವನ್ನು ನಮ್ಮ ರೈಟರು ಇಷ್ಟು ವರ್ಷ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಈ ಸಲ ಸಾಫ್ಟ್‌ವೇರ್ ಕೆಲಸ ಮಾಡುವವರೊಬ್ಬರಿಂದ ಇದಕ್ಕೆಂದೇ ಮೊಬೈಲ್ ಆ್ಯಪ್ ಮಾಡಿಸಿದೆವು. ಆಫೀಸಿನಲ್ಲಿ ತೋರಿಸಿದಾಗ ಎಲ್ಲವೂ ಸರಿಯಾಗಿತ್ತು, ರೈಟರೂ "ಚೆನ್ನಾಗಿದೆ ಸಾರ್" ಎಂದರು. ಕೊಯ್ಲು ಶುರುವಾದ ಮೇಲೆ ಒಬ್ಬರ ತೂಕ ಇನ್ನೊಬ್ಬರ ಹೆಸರಿಗೆ ಹೋಗಿದೆ, ಒಂದೇ ಮೂಟೆ ಎರಡು ಸಲ ಲೆಕ್ಕಕ್ಕೆ ಸೇರಿದೆ, ಬಟವಾಡೆಯ ದಿನ ಜಗಳಗಳಾಗಿವೆ. ರೈಟರು ಈಗ ಪುಸ್ತಕಕ್ಕೇ ಮರಳಿದ್ದಾರೆ. ಕನ್ನಡದಲ್ಲಿ ಮಾಡಿಸಿದರೆ ಸರಿಹೋಗುತ್ತದೆ ಎಂದು ಮಗ ಹೇಳುತ್ತಾನೆ. ಬಳಸುವವರ ತಪ್ಪು, ತರಬೇತಿ ಕೊಡಿ ಎಂದು ಆ್ಯಪ್ ಮಾಡಿದವರು ಹೇಳುತ್ತಾರೆ. ರೈಟರಿಗೆ 58 ವರ್ಷ. ತರಬೇತಿ ಕೊಡಿಸಲೇ, ಆ್ಯಪ್ ಬಿಟ್ಟುಬಿಡಲೇ, ಅಥವಾ ಬೇರೆ ರೈಟರನ್ನು ನೋಡಿಕೊಳ್ಳಲೇ? ಪರದೆಯ ಚಿತ್ರಗಳನ್ನು ಜೊತೆಗೆ ಕಳುಹಿಸಿದ್ದೇನೆ.

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಲ್ಲಿ ಒಬ್ಬರ ಜೀವನೋಪಾಯದ ಮಾತಿರುವುದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ರೈಟರನ್ನು ಬದಲಾಯಿಸಬೇಡಿ. ನೀವು ಬರೆದಿರುವ ವಿವರಗಳಲ್ಲಾಗಲಿ, ಕಳುಹಿಸಿರುವ ಚಿತ್ರಗಳಲ್ಲಾಗಲಿ ತಪ್ಪು ಅವರದೆನ್ನಲು ನನಗೆ ಯಾವ ಆಧಾರವೂ ಕಾಣುವುದಿಲ್ಲ. ಅವರ ಜಾಗದಲ್ಲಿ 25 ವರ್ಷದ ಪದವೀಧರರನ್ನು ನಿಲ್ಲಿಸಿದರೂ ಇವೇ ಎರಡು ಬಗೆಯ ತಪ್ಪುಗಳಾಗುತ್ತವೆ. ನಿಮ್ಮ ಆತಂಕವನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಹಣ ಕೊಟ್ಟು ಮಾಡಿಸಿದ ಸಾಧನವು ಲೆಕ್ಕವನ್ನು ಹಗುರಗೊಳಿಸುವ ಬದಲು ಕೆಡಿಸಿದೆ, ತೋಟದ ಲೆಕ್ಕದ ಮೇಲೆ ಆಳುಗಳಿಗಿದ್ದ ನಂಬಿಕೆ ಅಲುಗಾಡಿದೆ, ಮತ್ತು ದೋಷ ಎಲ್ಲಿದೆಯೆಂದು ತಿಳಿಯದೆ ಮುಂದಿನ ಖರ್ಚನ್ನು ಯಾವುದರ ಮೇಲೆ ಮಾಡಬೇಕೆಂದು ತೋಚುತ್ತಿಲ್ಲ. ಹಾಸನ, ಚಿಕ್ಕಮಗಳೂರು ಕಡೆಯ ಸಂಘಗಳಿಗೆ, ತೋಟಗಳಿಗೆ ಇಂಥ ಪರದೆಗಳನ್ನು ಪರೀಕ್ಷಿಸಿಕೊಡುವುದು ನನ್ನ ವೃತ್ತಿ. ಆಫೀಸಿನಲ್ಲಿ ಸರಿಯಿದ್ದದ್ದು ತೋಟದಲ್ಲಿ ಕೈಕೊಟ್ಟಿತು ಎಂಬ ದೂರನ್ನೇ ನಾನು ಅತಿ ಹೆಚ್ಚು ಕೇಳಿದ್ದೇನೆ, ಮತ್ತು ಬಹಳಷ್ಟು ಸಂದರ್ಭಗಳಲ್ಲಿ ಅದನ್ನು ದೊಡ್ಡ ಖರ್ಚಿಲ್ಲದೆ ಸರಿಪಡಿಸಬಹುದು.

ತಪ್ಪನ್ನು ಬಳಸುವವರ ತಲೆಗೆ ಕಟ್ಟುವುದು ಹೊಸ ಅಭ್ಯಾಸವೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೆ, ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್‌ಗಳನ್ನು ಮಡಚಲು ಹೋಗಿ ಚಕ್ರಗಳನ್ನೇ ಒಳಗೆಳೆದುಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. ವರದಿಗಳು ಇದನ್ನು ಪೈಲಟ್‌ನ ತಪ್ಪೆಂದೇ ದಾಖಲಿಸುತ್ತಿದ್ದವು. 1943ರಲ್ಲಿ ಈ ಸಮಸ್ಯೆಯನ್ನು ಪರಿಶೀಲಿಸಿದ ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞರು ಪೈಲಟ್‌ಗಳನ್ನು ಬಿಟ್ಟು ಕಾಕ್‌ಪಿಟ್ಟನ್ನು ನೋಡಿದರು. ಚಕ್ರದ ಸ್ವಿಚ್ಚು ಮತ್ತು ಫ್ಲ್ಯಾಪಿನ ಸ್ವಿಚ್ಚು ಒಂದರ ಪಕ್ಕದಲ್ಲೊಂದು, ಒಂದೇ ಆಕಾರದಲ್ಲಿದ್ದವು. ಅವೆರಡೂ ಬೇರೆಬೇರೆಯಾಗಿದ್ದ ಸಿ-47 ವಿಮಾನಗಳಲ್ಲಿ ಇಂಥ ಅಪಘಾತಗಳಾಗುತ್ತಿರಲಿಲ್ಲ. ಚಕ್ರದ ಹಿಡಿಗೆ ಚಕ್ರದ ಆಕಾರವನ್ನೂ ಫ್ಲ್ಯಾಪಿನ ಹಿಡಿಗೆ ಬೆಣೆಯ ಆಕಾರವನ್ನೂ ಕೊಡಿಸಿದ್ದು ಅವರು ಸೂಚಿಸಿದ ಪರಿಹಾರ. ಇಂದಿಗೂ ವಿಮಾನಗಳಲ್ಲಿ ಚಕ್ರದ ಹಿಡಿಯ ತುದಿ ಚಕ್ರದಂತೆಯೇ ಇರುತ್ತದೆ. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬ ಸಂಶೋಧಕರು ಪೈಲಟ್‌ನ ತಪ್ಪೆಂದು ಹೇಳಲಾಗಿದ್ದ 460 ಅನುಭವಗಳನ್ನು ಸಂಗ್ರಹಿಸಿ ವಿಂಗಡಿಸಿದಾಗ, ಒಂದು ಹಿಡಿಯೆಂದು ಇನ್ನೊಂದನ್ನು ಹಿಡಿದದ್ದೇ ಅತಿ ದೊಡ್ಡ ಗುಂಪಾಗಿತ್ತು. ಒಂದೇ ತಪ್ಪನ್ನು ಬೇರೆಬೇರೆ ಜನ ಮತ್ತೆಮತ್ತೆ ಮಾಡುತ್ತಿದ್ದರೆ ಅದರ ಕಾರಣವನ್ನು ಆ ವಸ್ತುವಿನ ರಚನೆಯಲ್ಲಿ ಹುಡುಕಬೇಕೆಂಬುದು ನನ್ನ ವೃತ್ತಿಯ ಮೊದಲ ಪಾಠ, ಮತ್ತು ಅದು ಬಂದದ್ದು ಇಂಥ ಅಧ್ಯಯನಗಳಿಂದ.

ತರಬೇತಿಯ ಸಲಹೆಯನ್ನು ತೂಗಿ ನೋಡಲು ಇನ್ನೊಂದು ಭೇದ ಗೊತ್ತಿರಬೇಕು. ಜೇಮ್ಸ್ ರೀಸನ್, ಡೊನಾಲ್ಡ್ ನಾರ್ಮನ್ ಮೊದಲಾದ ಮನಶ್ಶಾಸ್ತ್ರಜ್ಞರು ಮನುಷ್ಯರ ತಪ್ಪುಗಳನ್ನು ಎರಡಾಗಿ ವಿಂಗಡಿಸಿದ್ದಾರೆ. ಏನು ಮಾಡಬೇಕೆಂಬುದೇ ತಪ್ಪಾಗಿ ತಿಳಿದಿದ್ದರೆ ಅದು ತಿಳಿವಳಿಕೆಯ ತಪ್ಪು. ಏನು ಮಾಡಬೇಕೆಂದು ಸರಿಯಾಗಿ ಗೊತ್ತಿದ್ದೂ ಕೈ ಬೇರೆಡೆಗೆ ಹೋದರೆ ಅದು ಕೈತಪ್ಪು. ತರಬೇತಿಯಿಂದ ಮೊದಲನೆಯದು ಕಡಿಮೆಯಾಗುತ್ತದೆ. ಎರಡನೆಯದು ಕಡಿಮೆಯಾಗುವುದಿಲ್ಲ, ಏಕೆಂದರೆ ಕೈತಪ್ಪು ಆಗುವುದೇ ಚೆನ್ನಾಗಿ ಪಳಗಿದವರಿಗೆ: ಕೆಲಸ ರೂಢಿಯಾದಂತೆ ಮನಸ್ಸಿನ ಗಮನ ಅದರಿಂದ ಬಿಡುಗಡೆಯಾಗಿ, ಕೈ ತನ್ನಷ್ಟಕ್ಕೆ ಓಡುತ್ತದೆ. ಪಕ್ಕದ ಹೆಸರನ್ನು ಒತ್ತಿದ್ದು, ಉಳಿಸುವ ಗುಂಡಿಯನ್ನು ಎರಡು ಸಲ ಒತ್ತಿದ್ದು — ನಿಮ್ಮ ತೋಟದಲ್ಲಿ ಆಗಿರುವ ಎರಡೂ ಕೈತಪ್ಪುಗಳೇ. ಯಾರ ತೂಕವನ್ನು ಯಾರ ಹೆಸರಿಗೆ ಬರೆಯಬೇಕೆಂದು ನಿಮ್ಮ ರೈಟರಿಗೆ ಯಾರೂ ಕಲಿಸಬೇಕಾಗಿಲ್ಲ.

ಹಾಗಾದರೆ ಆಫೀಸಿನಲ್ಲಿ ಎಲ್ಲವೂ ಸರಿಯಾಗಿತ್ತಲ್ಲ ಎಂಬ ನಿಮ್ಮ ಮಾತು? ಅದೂ ನಿಜವೇ. ಬಳಕೆಯೋಗ್ಯತೆಯನ್ನು ಕುರಿತ ಅಂತರರಾಷ್ಟ್ರೀಯ ಮಾನಕ ಐಎಸ್ಒ 9241ರ 11ನೆಯ ಭಾಗವು (1998ರಲ್ಲಿ ಬಂದು 2018ರಲ್ಲಿ ಪರಿಷ್ಕೃತವಾದದ್ದು) ಈ ಗುಣವನ್ನು ವಸ್ತುವಿಗೆ ಅಂಟಿಕೊಂಡ ಗುಣವೆಂದು ಹೇಳುವುದಿಲ್ಲ. ನಿರ್ದಿಷ್ಟ ಜನರು, ನಿರ್ದಿಷ್ಟ ಉದ್ದೇಶಕ್ಕಾಗಿ, ನಿರ್ದಿಷ್ಟ ಸನ್ನಿವೇಶದಲ್ಲಿ ಬಳಸಿದಾಗ ಕೆಲಸ ಎಷ್ಟು ಸರಿಯಾಗಿ, ಎಷ್ಟು ಕಡಿಮೆ ಶ್ರಮದಲ್ಲಿ, ಎಷ್ಟು ಸಮಾಧಾನಕರವಾಗಿ ಆಗುತ್ತದೆ ಎಂಬುದೇ ಅಲ್ಲಿರುವ ಅಳತೆ. ಆಫೀಸಿನಲ್ಲಿ ಕುರ್ಚಿಯಿತ್ತು, ಬೆಳಕಿತ್ತು, ವೈಫೈ ಇತ್ತು, ಒಂದೆರಡು ಹೆಸರುಗಳಿದ್ದವು, ಅವಸರವಿರಲಿಲ್ಲ. ತೂಕದ ಜಾಗದಲ್ಲಿ ಸಂಜೆಯಾಗಿರುತ್ತದೆ, ಮೂಟೆ ಹೊತ್ತವರು ಸಾಲಾಗಿ ನಿಂತಿರುತ್ತಾರೆ, ಹೊರಗಿನವರನ್ನು ಕರೆದೊಯ್ಯುವ ಜೀಪಿನವನು ಹಾರ್ನ್ ಹೊಡೆಯುತ್ತಿರುತ್ತಾನೆ, ಒಬ್ಬರು ಮುಂಗಡ ಕೇಳುತ್ತಿರುತ್ತಾರೆ, ನೆಟ್‌ವರ್ಕ್ ಬಂದುಹೋಗುತ್ತಿರುತ್ತದೆ. ಆ್ಯಪ್ ಮಾಡಿದವರು ಒಂದು ಸಂಜೆಯಾದರೂ ಅಲ್ಲಿ ಬಂದು ನಿಂತಿದ್ದರೇ ಎಂದು ಕೇಳಿ ನೋಡಿ. ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ ಎಂಬ ಸಂಶೋಧಕರು 1985ರಲ್ಲಿಯೇ ಮೂರು ಸೂತ್ರಗಳನ್ನು ಹೇಳಿದ್ದರು: ಬಳಸುವವರನ್ನೂ ಅವರ ಕೆಲಸವನ್ನೂ ಮೊದಲೇ ಹತ್ತಿರದಿಂದ ಅರಿಯುವುದು, ಅವರ ಕೈಯಲ್ಲಿಟ್ಟು ಅಳೆದು ನೋಡುವುದು, ಕಂಡದ್ದನ್ನು ತಿದ್ದಿ ಮತ್ತೆ ಪರೀಕ್ಷಿಸುವುದು. ಇವು ಯಾರೂ ಅಲ್ಲಗಳೆಯದ ಮಾತುಗಳು. ಆದರೂ ಸಣ್ಣ ಕೆಲಸಗಳಲ್ಲಿ ಮೊದಲನೆಯದೇ ನಡೆಯುವುದಿಲ್ಲ ಎಂಬುದು ನನಗೆ ನಿಜವಾಗಿ ಬೇಸರ ತರುವ ಸಂಗತಿ.

ಈಗ ನಿಮ್ಮ ರೈಟರ ಪುಸ್ತಕವನ್ನು ಒಮ್ಮೆ ತೆರೆದಿಟ್ಟುಕೊಂಡು, ಪಕ್ಕದಲ್ಲಿ ಆ್ಯಪನ್ನಿಟ್ಟು ನೋಡಿ. ಪುಸ್ತಕವೆಂದರೆ ಹಳೆಯದು, ಹಿಂದುಳಿದದ್ದು ಎಂಬ ಭಾವನೆ ನಮ್ಮಲ್ಲಿದೆ. ನನ್ನ ದೃಷ್ಟಿಯಲ್ಲಿ ಅದು ವರ್ಷಗಟ್ಟಲೆ ಬಳಕೆಯಲ್ಲಿ ತಿದ್ದಿಕೊಂಡು ಬಂದ ಒಂದು ವಿನ್ಯಾಸ. ಅದರಲ್ಲಿ ಹೆಸರುಗಳು ಯಾವ ಕ್ರಮದಲ್ಲಿವೆ? ಬಹುತೇಕ ತೋಟಗಳಲ್ಲಿ ಮೇಲಿನ ಲೈನಿನವರು, ಕೆಳಗಿನ ಲೈನಿನವರು, ಜೀಪಿನವರು ಎಂದು ಗುಂಪುಗುಂಪಾಗಿ ಬರೆದಿರುತ್ತಾರೆ, ಮತ್ತು ಆಳುಗಳು ತೂಕಕ್ಕೆ ಬಂದು ನಿಲ್ಲುವುದೂ ಹೆಚ್ಚುಕಡಿಮೆ ಅದೇ ಗುಂಪುಗಳಲ್ಲಿ. ಹಾಗಾಗಿ ಕಣ್ಣು ಹೆಸರನ್ನು ಹುಡುಕಬೇಕಾಗುವುದೇ ಇಲ್ಲ, ಅದು ಎಲ್ಲಿದೆಯೆಂದು ಕೈಗೇ ಗೊತ್ತಿರುತ್ತದೆ. ನೀವು ಕಳುಹಿಸಿದ ಚಿತ್ರದಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿವೆ. ಮೂವರು ಲಕ್ಷ್ಮಮ್ಮಂದಿರಲ್ಲಿ ಇಬ್ಬರು ಒಬ್ಬರ ಕೆಳಗೊಬ್ಬರು ಅಂಟಿಕೊಂಡಿದ್ದಾರೆ. ಮೂರನೆಯವರ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಬೇರೆ ರೀತಿ ಬರೆದಿರುವುದರಿಂದ ಅವರು ಇನ್ನೆಲ್ಲೋ ಇದ್ದಾರೆ. ತೋಟದಲ್ಲಿ ಇವರನ್ನು ಯಾರೂ ಬರಿಯ ಹೆಸರಿನಿಂದ ಗುರುತಿಸುವುದಿಲ್ಲ, ಲೈನಿನಿಂದಲೋ ಮನೆಯವರಿಂದಲೋ ಊರಿನಿಂದಲೋ ಗುರುತಿಸುತ್ತಾರೆ; ಆ ಗುರುತು ಪುಸ್ತಕದಲ್ಲಿದೆ, ಆ್ಯಪಿನಲ್ಲಿಲ್ಲ. ಬಿ-17ರ ಎರಡು ಸ್ವಿಚ್ಚುಗಳು ಇಲ್ಲಿಯೂ ಪಕ್ಕಪಕ್ಕದಲ್ಲಿವೆ.

ಪುಸ್ತಕದ ಇನ್ನೊಂದು ಗುಣವೆಂದರೆ ಇಡೀ ವಾರ ಒಂದೇ ಹಾಳೆಯಲ್ಲಿ ಕಾಣುತ್ತದೆ. ನಿನ್ನೆ ಮೊನ್ನೆ ಬರೆದ ತೂಕಗಳ ಪಕ್ಕದಲ್ಲಿಯೇ ಇಂದಿನದನ್ನು ಬರೆಯುವುದರಿಂದ, 58ರ ಬದಲು 85 ಬರೆದರೆ ಅದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಖಾಲಿ ಉಳಿದ ಚೌಕ ಕಂಡರೆ ಇವರ ಮೂಟೆ ಇನ್ನೂ ಬಂದಿಲ್ಲವೆಂದು ತಿಳಿಯುತ್ತದೆ. ಆ್ಯಪ್ ಒಂದು ಸಲಕ್ಕೆ ಒಬ್ಬರನ್ನು ಮಾತ್ರ ತೋರಿಸುತ್ತದೆ, ಹಿಂದಿನ ದಿನಗಳನ್ನು ನೋಡಬೇಕಾದರೆ ಬೇರೆ ಪುಟಕ್ಕೆ ಹೋಗಬೇಕು, ಅಷ್ಟು ಹೊತ್ತು ಸಾಲು ಕಾಯುವುದಿಲ್ಲ. ಮೂರನೆಯದಾಗಿ ತಿದ್ದುಪಡಿ. ಪುಸ್ತಕದಲ್ಲಿ ತಪ್ಪಾದರೆ ಹೊಡೆದುಹಾಕಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಾರೆ. ಹಳೆಯದೂ ಹೊಸದೂ ಎರಡೂ ಉಳಿಯುತ್ತವೆ, ಎದುರಿಗಿರುವ ಆಳೂ ಅದನ್ನು ನೋಡಿರುತ್ತಾರೆ. ನಿಮ್ಮ ಆ್ಯಪಿನಲ್ಲಿ ತಿದ್ದಿದರೆ ಹಳೆಯ ಅಂಕಿ ಗುರುತಿಲ್ಲದೆ ಅಳಿಸಿಹೋಗುತ್ತದೆ. ಬಟವಾಡೆಯ ದಿನ ಜಗಳವಾದಾಗ ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ಜಗಳಕ್ಕೆ ತಪ್ಪು ಲೆಕ್ಕ ಎಷ್ಟು ಕಾರಣವೋ, ಲೆಕ್ಕ ಹೇಗೆ ಬದಲಾಯಿತೆಂದು ಕಾಣದಿರುವುದೂ ಅಷ್ಟೇ ಕಾರಣವೆಂದು ನನಗನ್ನಿಸುತ್ತದೆ.

ಒಂದೇ ಮೂಟೆ ಎರಡು ಸಲ ಸೇರಿದ್ದಕ್ಕೆ ಕಾರಣ ಇನ್ನೂ ಸರಳ. ಗುಂಡಿ ಒತ್ತಿದ ಮೇಲೆ ಯಂತ್ರದಿಂದ ಉತ್ತರ ಬರಬೇಕಾದ ಸಮಯದ ಮಿತಿಗಳು ಈ ಕ್ಷೇತ್ರದಲ್ಲಿ ಬಹಳ ಹಿಂದಿನಿಂದ ಗೊತ್ತಿವೆ. ಸುಮಾರು 0.1 ಸೆಕೆಂಡಿನೊಳಗೆ ಬಂದರೆ ಒತ್ತಿದ ಕೂಡಲೇ ಆಯಿತೆನ್ನಿಸುತ್ತದೆ, 1 ಸೆಕೆಂಡಿನವರೆಗೆ ಕೆಲಸದ ಓಟ ಕಡಿಯುವುದಿಲ್ಲ, 10 ಸೆಕೆಂಡು ದಾಟಿದರೆ ಗಮನ ಬೇರೆಡೆಗೆ ಹೋಗುತ್ತದೆ. ನಿಮ್ಮ ಆ್ಯಪ್ ಪ್ರತಿ ತೂಕವನ್ನೂ ಮೊದಲು ಇಂಟರ್ನೆಟ್ ಮೂಲಕ ಕಳುಹಿಸಿ, ಅಲ್ಲಿಂದ ಉತ್ತರ ಬಂದ ಮೇಲೆಯೇ ಆಯಿತೆಂದು ಹೇಳುವಂತೆ ಕಾಣುತ್ತದೆ. ಸಕಲೇಶಪುರದ ಇಳಿಜಾರು ತೋಟಗಳಲ್ಲಿ ಆ ಉತ್ತರ ಬರುವುದು ಯಾವಾಗಲೋ. ಪರದೆಯಲ್ಲಿ ಒಂದು ಚಕ್ರ ತಿರುಗುತ್ತಿರುತ್ತದೆ, ತೂಕ ಉಳಿಯಿತೋ ಇಲ್ಲವೋ ತಿಳಿಯುವುದಿಲ್ಲ, ಎಚ್ಚರಿಕೆಯುಳ್ಳ ಮನುಷ್ಯನು ಮತ್ತೊಮ್ಮೆ ಒತ್ತುತ್ತಾನೆ. ಇಲ್ಲಿ ತಪ್ಪಾದದ್ದು ರೈಟರ ಜವಾಬ್ದಾರಿಯ ಬುದ್ಧಿಯಿಂದಲೇ ಎಂಬುದನ್ನು ನೀವು ಗಮನಿಸಬೇಕು. ತೂಕವು ಮೊದಲು ಫೋನಿನಲ್ಲಿಯೇ ಉಳಿದು, ನೆಟ್‌ವರ್ಕ್ ಸಿಕ್ಕಾಗ ತಾನಾಗಿ ಹೋಗುವಂತೆ ಮಾಡುವುದು, ಪ್ರತಿ ದಾಖಲೆಗೂ ಫೋನಿನಲ್ಲಿಯೇ ಒಂದು ಗುರುತಿನ ಸಂಖ್ಯೆ ಕೊಟ್ಟು ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಸರ್ವರ್ ಅದನ್ನು ತಳ್ಳಿಹಾಕುವಂತೆ ಮಾಡುವುದು ಪ್ರೋಗ್ರಾಂ ಬರೆಯುವವರಿಗೆ ತಿಳಿದಿರುವ ಕ್ರಮಗಳೇ. ಫೋನಿನಲ್ಲಿ ಉಳಿದಿದೆ, ಆಫೀಸಿಗೆ ತಲುಪಿದೆ ಎಂಬ ಎರಡು ಸ್ಥಿತಿಗಳನ್ನು ಪರದೆ ಬೇರೆಬೇರೆಯಾಗಿ ತೋರಿಸಬೇಕು.

ಕೈ ಮತ್ತು ಕಣ್ಣಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಇಂದಿನ ಫೋನುಗಳ ಪರದೆ ಬೆರಳಿನ ವಿದ್ಯುತ್ ಗುಣವನ್ನು ಗ್ರಹಿಸಿ ಕೆಲಸ ಮಾಡುವುದರಿಂದ, ಮಂಜಿನ ಹನಿಯೋ ಹಣ್ಣಿನ ಲೋಳೆಯೋ ತಾಗಿದರೆ ಒತ್ತದ ಕಡೆ ಒತ್ತಿದಂತಾಗುತ್ತದೆ, ಒತ್ತಿದ್ದು ತಾಗದೆಯೂ ಹೋಗುತ್ತದೆ. ಆ್ಯಂಡ್ರಾಯ್ಡ್‌ನ ಮಾರ್ಗಸೂಚಿ ಪ್ರತಿ ಗುಂಡಿಯೂ ಸುಮಾರು 9 ಮಿಲಿಮೀಟರ್ ಅಗಲ ಎತ್ತರವಿರಲಿ ಎನ್ನುತ್ತದೆ. ತೋಟದ ಕೆಲಸಕ್ಕೆ ನಾನು ಅದಕ್ಕಿಂತ ದೊಡ್ಡದನ್ನೇ ಕೇಳುತ್ತೇನೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಬೆಳಕಿನ ವ್ಯತ್ಯಾಸವಿರಬೇಕೆಂಬುದು ವೆಬ್ ಪುಟಗಳಿಗೆ ಮಾನ್ಯವಾಗಿರುವ ಅಳತೆ. ನಿಮ್ಮ ಚಿತ್ರದಲ್ಲಿ ಬಿಳಿಯ ಮೇಲೆ ತಿಳಿ ಬೂದು ಬಣ್ಣದ ಸಣ್ಣ ಅಕ್ಷರಗಳಿವೆ, ಬಯಲಿನ ಬಿಸಿಲಿನಲ್ಲಿ ಅವನ್ನು ಓದುವುದು ಎಳೆಯ ಕಣ್ಣಿಗೂ ಕಷ್ಟ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. 58 ವರ್ಷ ಎಂದು ನೀವು ಬರೆದದ್ದಕ್ಕೆ ಇದರಲ್ಲಿರುವಷ್ಟೇ ಅರ್ಥ, ಅದು ಕಲಿಯುವ ಶಕ್ತಿಯ ಮಾತಲ್ಲ.

ನಿಮ್ಮ ಮಗನ ಸಲಹೆಯನ್ನು ನಾನು ಅರ್ಧ ಒಪ್ಪುತ್ತೇನೆ. ಆ್ಯಪ್ ಕನ್ನಡದಲ್ಲಿರಲೇಬೇಕು, ಅದರಲ್ಲಿ ಚರ್ಚೆಗೆ ಜಾಗವಿಲ್ಲ. ಆದರೆ ಗುಂಡಿಗಳ ಮೇಲಿನ ಪದಗಳನ್ನಷ್ಟೇ ಬದಲಿಸಿದರೆ ಹೆಸರುಗಳ ಕ್ರಮ ಬದಲಾಗುವುದಿಲ್ಲ, ತಿರುಗುವ ಚಕ್ರ ನಿಲ್ಲುವುದಿಲ್ಲ. ಅದಲ್ಲದೆ, ಇಂಗ್ಲಿಷಿಗೆಂದು ಅಳೆದಿಟ್ಟ ಸಾಲಿನ ಎತ್ತರದಲ್ಲಿ ಕನ್ನಡದ ಒತ್ತಕ್ಷರಗಳು ಕೆಳಗೆ ಕತ್ತರಿಸಿಹೋಗುತ್ತವೆ. ಚಿಕ್ಕಮ್ಮ ಮತ್ತು ಚಿನ್ನಮ್ಮ ಎಂಬ ಎರಡು ಹೆಸರುಗಳು ಸಣ್ಣ ಅಕ್ಷರದಲ್ಲಿ, ಒತ್ತು ಅರ್ಧ ಮರೆಯಾದಾಗ, ಅವಸರದ ಕಣ್ಣಿಗೆ ಒಂದೇ ಆಗಿಬಿಡುತ್ತವೆ. ಹಾಗೆಯೇ ಓದುಬರಹ ಕಡಿಮೆಯಿರುವವರಿಗೆ ಚಿತ್ರಗಳನ್ನಿಟ್ಟರೆ ಸಾಕೆಂದು ಯಾರಾದರೂ ಹೇಳಿದರೆ ಎಚ್ಚರವಿರಲಿ. ನಮ್ಮ ದೇಶದಲ್ಲಿ 1951–52ರ ಮೊದಲ ಮಹಾಚುನಾವಣೆಯಿಂದಲೂ ಚಿಹ್ನೆಗಳು ಕೆಲಸ ಮಾಡಿವೆ ನಿಜ, ಆದರೆ ಆ ಚಿಹ್ನೆಗಳನ್ನು ಮತದಾನಕ್ಕೆ ಮೊದಲು ಊರೂರಿನ ಗೋಡೆಗಳ ಮೇಲೆ ಬರೆದು, ಕೂಗಿ ಹೇಳಿ ಕಲಿಸಿರುತ್ತಾರೆ. ಉಳಿಸುವ ಗುಂಡಿಗೆ ಹಾಕುವ ಫ್ಲಾಪಿಯ ಚಿತ್ರವನ್ನು ನಿಮ್ಮ ಮೇಸ್ತ್ರಿಗೆ ಯಾರೂ ಹಾಗೆ ಕಲಿಸಿಲ್ಲ. ಚಿತ್ರದ ಜೊತೆಗೆ ಪದವೂ ಇರಲಿ. ಆಳುಗಳ ಹೆಸರಿನ ಜೊತೆಗೆ, ಅವರು ಒಪ್ಪಿದರೆ, ಅವರ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಯಾವ ಕೆಲಸವೂ ಮೂರು ಒತ್ತುಗಳಲ್ಲಿ ಮುಗಿಯಬೇಕೆಂಬ ನಿಯಮವನ್ನೂ ನೀವು ಕೇಳಬಹುದು, ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಅನುಮಾನದಿಂದ ಒತ್ತುವ ಒಂದು ಗುಂಡಿಗಿಂತ ಖಚಿತವಾಗಿ ಒತ್ತುವ ನಾಲ್ಕು ಗುಂಡಿಗಳು ಮೇಲು.

ನಿಮ್ಮ ಪತ್ರದಲ್ಲಿ ಆ್ಯಪ್ ಬಳಸುವವರೆಂದರೆ ರೈಟರು ಮಾತ್ರ ಎಂಬ ಊಹೆಯಿದೆ. ಇದನ್ನು ನಾನು ಒಪ್ಪುವುದಿಲ್ಲ, ಮತ್ತು ಈ ಉತ್ತರದಲ್ಲಿ ನಾನು ಹೇಳಲೇಬೇಕೆಂದಿರುವ ಮಾತೂ ಇದೇ. ಫೋನನ್ನು ಒಮ್ಮೆಯೂ ಮುಟ್ಟದಿದ್ದರೂ, ಆ ಅಂಕಿಯ ಮೇಲೆ ಕೂಲಿ ಪಡೆಯುವ ಹೆಣ್ಣುಮಕ್ಕಳು ಗಂಡಾಳುಗಳೆಲ್ಲರೂ ಅದನ್ನು ಬಳಸುವವರೇ. ಪುಸ್ತಕದಲ್ಲಿ ರೈಟರು ತೂಕವನ್ನು ಕೂಗಿ ಹೇಳಿ ಬರೆಯುತ್ತಿದ್ದರು. ಎದುರಿಗಿದ್ದವರು ಕೇಳುತ್ತಿದ್ದರು, ಹಾಳೆಯನ್ನು ನೋಡುತ್ತಿದ್ದರು, ತಪ್ಪಿದ್ದರೆ ಅಲ್ಲಿಯೇ ಹೇಳುತ್ತಿದ್ದರು. ಫೋನು ರೈಟರ ಕಡೆಗೆ ಮುಖ ಮಾಡಿದಾಗ ಆ ಪರಿಶೀಲನೆ ನಿಂತುಹೋಯಿತು. ಕರ್ನಾಟಕದಲ್ಲಿ ಭೂಮಿ ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಾಗ, ತಾಲ್ಲೂಕು ಕೇಂದ್ರಗಳ ಕೌಂಟರಿನಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯನ್ನಿಟ್ಟಿದ್ದರು, ತನ್ನ ದಾಖಲೆಯಲ್ಲಿ ಏನು ನಡೆಯುತ್ತಿದೆಯೆಂದು ಅವನೂ ನೋಡಲೆಂದು. ಮತಯಂತ್ರದ ಜೊತೆಗಿನ ವಿವಿಪ್ಯಾಟ್ ಚೀಟಿಯನ್ನು 7 ಸೆಕೆಂಡು ಗಾಜಿನ ಹಿಂದೆ ತೋರಿಸುವುದೂ ಇದೇ ಕಾರಣಕ್ಕೆ. ನಿಮ್ಮ ಆ್ಯಪ್ ಪ್ರತಿ ತೂಕವಾದ ಮೇಲೆ ಹೆಸರು, ಲೈನು, ಕಿಲೋ ಇಷ್ಟನ್ನು ಗಟ್ಟಿಯಾಗಿ ನುಡಿಯಲಿ, ಅಂಗಡಿಗಳಲ್ಲಿ ಹಣ ಬಂದದ್ದನ್ನು ಹೇಳುವ ಪೆಟ್ಟಿಗೆಯಂತೆ. ಅಸ್ಸಾಮಿನಿಂದ ಬಂದವರಿಗೆ ಅವರ ಭಾಷೆಯಲ್ಲಿ ಅಥವಾ ಕಡೆಯ ಪಕ್ಷ ಹಿಂದಿಯಲ್ಲಿ ಕೇಳಿಸಲಿ. ಹೀಗೆ ಮಾಡಿದರೆ 40 ಜನ ಪರಿಶೀಲಕರು ನಿಮಗೆ ಮತ್ತೆ ಸಿಗುತ್ತಾರೆ.

ನೀವು ನನ್ನ ಮಾತನ್ನೂ ಹಾಗೆಯೇ ನಂಬಬೇಕಾಗಿಲ್ಲ, ನೋಡಿ ತಿಳಿಯಬಹುದು. ಕೇಳಿ ತಿಳಿಯುವುದಕ್ಕೆ ಮಾತ್ರ ಹೋಗಬೇಡಿ. ಸಂಬಳ ಕೊಡುವ ಯಜಮಾನರು ಎದುರಿಗೆ ನಿಂತು ಹೇಗಿದೆಯೆಂದು ಕೇಳಿದರೆ ಚೆನ್ನಾಗಿದೆ ಸಾರ್ ಎಂಬ ಉತ್ತರವೇ ಬರುತ್ತದೆ, ಅದು ಮರ್ಯಾದೆಯ ಮಾತು, ಆ್ಯಪಿನ ಪರೀಕ್ಷೆಯಲ್ಲ. ನೀವು ದೂರವಿದ್ದು, ರೈಟರಿಗೆ ಸಲಿಗೆಯಿರುವ ಯಾರಾದರೂ ಪಕ್ಕದಲ್ಲಿ ಕೂರಲಿ. ಆಳುಗಳಿಗೆ ತೊಂದರೆಯಾಗದಂತೆ ಕೆಲಸವಿಲ್ಲದ ಒಂದು ಸಂಜೆ, ತೂಕದ ಜಾಗದಲ್ಲಿಯೇ, ಬರೆದಿಟ್ಟ ಚೀಟಿಗಳಿಂದ ಕೆಲವು ತೂಕಗಳನ್ನು ಆ್ಯಪಿಗೆ ಏರಿಸಲು ಹೇಳಿ. ಅವುಗಳಲ್ಲಿ ಒಂದೇ ಹೆಸರಿನ ಇಬ್ಬರಿರಲಿ, ಒಂದನ್ನು ಆಮೇಲೆ ತಿದ್ದಬೇಕಾಗಿ ಬರಲಿ, ನಡುವೆ ಒಮ್ಮೆ ಫೋನಿನ ಡೇಟಾ ನಿಲ್ಲಿಸಿ, ಬೆರಳು ಒದ್ದೆಯಿರಲಿ. ರೈಟರನ್ನೂ ಮೇಸ್ತ್ರಿಯನ್ನೂ ಒಟ್ಟಿಗೆ ಕೂರಿಸಿದರೆ ಇಬ್ಬರೂ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ, ಎಲ್ಲಿ ಅನುಮಾನ ಬರುತ್ತಿದೆಯೆಂದು ಆ ಮಾತಿನಿಂದಲೇ ತಿಳಿಯುತ್ತದೆ. ಯಾರೂ ಸಹಾಯ ಮಾಡಬಾರದು. ಎಲ್ಲಿ ನಿಂತರು, ಎಲ್ಲಿ ಹಿಂದೆ ಹೋದರು, ಏನನ್ನು ತಪ್ಪಾಗಿ ಒತ್ತಿದರು ಎಂದಷ್ಟೇ ಬರೆದುಕೊಳ್ಳಬೇಕು. ಜೇಕಬ್ ನೀಲ್ಸನ್ ಮತ್ತು ಥಾಮಸ್ ಲಾಂಡೌರ್ ಎಂಬ ಸಂಶೋಧಕರು 1993ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ, ಒಬ್ಬ ಬಳಕೆದಾರನಿಂದ ಸರಾಸರಿ 31 ಶೇಕಡಾ ತೊಡಕುಗಳು ಬೆಳಕಿಗೆ ಬರುತ್ತವೆಂದು ಲೆಕ್ಕ ಹಾಕಿದರು. ಆ ಲೆಕ್ಕದಂತೆ 5 ಜನರನ್ನು ನೋಡಿದರೆ ಸುಮಾರು 85 ಶೇಕಡಾ ಕಾಣಿಸುತ್ತವೆ. ಇದು ತೊಡಕುಗಳನ್ನು ಹುಡುಕುವುದಕ್ಕೆ ಸಾಲುವ ಸಂಖ್ಯೆ, ತಪ್ಪಿನ ಪ್ರಮಾಣವನ್ನು ಅಳೆಯುವುದಕ್ಕಲ್ಲ, ಮತ್ತು ಅಪರೂಪಕ್ಕೆ ಆಗುವ ತಪ್ಪು ಇದರಲ್ಲಿ ಕಾಣದೆ ಹೋಗಬಹುದು. ನಿಮ್ಮ ತೋಟದಲ್ಲಿ 5 ಜನ ಸಿಗದಿದ್ದರೆ ಪಕ್ಕದ ತೋಟಗಳ ರೈಟರುಗಳನ್ನು ಕರೆಯಿರಿ.

ಇನ್ನು ಮುಂದಿನ ದಾರಿಗಳು. ಬರಿಯ ತರಬೇತಿ ಎಲ್ಲಕ್ಕಿಂತ ಅಗ್ಗ, ಆದರೆ ಮೇಲೆ ಹೇಳಿದಂತೆ ಕೈತಪ್ಪು ಉಳಿಯುತ್ತದೆ, ಮತ್ತು ರೈಟರು ರಜೆ ಹಾಕಿದ ದಿನ ಬೇರೊಬ್ಬರು ಕೂತರೆ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ನಾನು ಇದನ್ನು ಒಂದೇ ದಾರಿಯಾಗಿ ಸೂಚಿಸುವುದಿಲ್ಲ.

ಈ ಕೊಯ್ಲು ಮುಗಿಯುವವರೆಗೆ ನನ್ನ ಸಲಹೆ ಇದು: ತೂಕದ ಜಾಗದಲ್ಲಿ ಪುಸ್ತಕವೇ ಇರಲಿ, ರಾತ್ರಿಯೋ ಮರುದಿನ ಬೆಳಿಗ್ಗೆಯೋ ಆಫೀಸಿನಲ್ಲಿ ಒಬ್ಬರು ಅದನ್ನು ನೋಡಿ ಆ್ಯಪಿಗೆ ಏರಿಸಲಿ. ಕೆಲಸದ ನಡುವೆ ಸಾಧನವನ್ನು ಬದಲಿಸುವುದು ಅಪಾಯ. ಇದರಲ್ಲೂ ತೊಡಕಿದೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುವಾಗ ಹೊಸ ತಪ್ಪುಗಳು ಸೇರುತ್ತವೆ, ಮತ್ತು ಎರಡು ಲೆಕ್ಕಗಳು ಹೊಂದದಿದ್ದಾಗ ಯಾವುದು ಅಂತಿಮವೆಂಬ ಗೊಂದಲ ಬರುತ್ತದೆ. ಪುಸ್ತಕವೇ ಅಂತಿಮವೆಂದು ಇಂದೇ ಎಲ್ಲರಿಗೂ ಹೇಳಿಬಿಡಿ. ದಿನದ ಒಟ್ಟು ಕಿಲೋವನ್ನು ಪುಸ್ತಕದ ಕೆಳಗೆ ಕೂಡಿ ಬರೆದು, ಆ್ಯಪಿನ ಒಟ್ಟಿನೊಂದಿಗೂ ಸಿಪ್ಪೆ ಬಿಡಿಸುವ ಪಲ್ಪರಿಗೋ ಒಣಗಿಸುವ ಕಣಕ್ಕೋ ಹೋದ ಹಣ್ಣಿನ ತೂಕದೊಂದಿಗೂ ಹೋಲಿಸಿದರೆ ದೊಡ್ಡ ತಪ್ಪುಗಳು ಅದೇ ದಿನ ಸಿಕ್ಕಿಬೀಳುತ್ತವೆ.

ಕೊಯ್ಲು ಮುಗಿದ ಮೇಲೆ, ಮಳೆಗಾಲದಲ್ಲಿ, ಇರುವ ಆ್ಯಪನ್ನು ತಿದ್ದಿಸುವುದು ನನಗೆ ಸರಿಯೆನಿಸುವ ದಾರಿ. ಹೆಸರುಗಳು ಪುಸ್ತಕದ ಗುಂಪುಗಳ ಕ್ರಮದಲ್ಲಿ ಬರಲಿ, ವಾರದ ಹಾಳೆ ಒಂದೇ ಪರದೆಯಲ್ಲಿ ಕಾಣಲಿ, ತೂಕ ಮೊದಲು ಫೋನಿನಲ್ಲಿ ಉಳಿಯಲಿ, ತಿದ್ದಿದಾಗ ಹಳೆಯ ಅಂಕಿ ಗೆರೆ ಹೊಡೆದ ರೂಪದಲ್ಲಿ ಉಳಿಯಲಿ, ದನಿ ಇರಲಿ. ನಿಮ್ಮ ತೋಟದಲ್ಲಿ ಒಬ್ಬರು ಕೀಳಬಹುದಾದ ಗರಿಷ್ಠ ತೂಕ ನಿಮಗೆ ಗೊತ್ತಿದೆ. ಅದನ್ನು ಮೀರಿದ ಅಂಕಿ ಬಂದಾಗ ಮಾತ್ರ ಆ್ಯಪ್ ತಡೆದು ಕೇಳಲಿ. ಪ್ರತಿ ಸಲವೂ ಖಚಿತವೇ ಎಂದು ಕೇಳುವ ಪೆಟ್ಟಿಗೆಯನ್ನು ಸೇರಿಸಲು ಅವರು ಮುಂದಾಗಬಹುದು, ಬೇಡವೆನ್ನಿ. ಒಂದು ವಾರದಲ್ಲಿ ಕೈ ಅದನ್ನು ಓದದೆಯೇ ಒತ್ತಲು ಕಲಿತುಬಿಡುತ್ತದೆ. ಅದರ ಬದಲು ಈಗಷ್ಟೇ ಮಾಡಿದ್ದನ್ನು ಹಿಂತೆಗೆದುಕೊಳ್ಳುವ ದೊಡ್ಡ ಗುಂಡಿ ಸಾಕು. ಈ ದಾರಿಯಲ್ಲಿರುವ ಅಪಾಯವೆಂದರೆ, ಆ್ಯಪಿನ ಒಳರಚನೆಯೇ ಇಂಟರ್ನೆಟ್ ಇದ್ದರೆ ಮಾತ್ರ ನಡೆಯುವಂತಿದ್ದರೆ ತಿದ್ದುವ ಖರ್ಚು ಹೊಸದಾಗಿ ಮಾಡಿಸುವಷ್ಟಾಗಬಹುದು. ಅದನ್ನು ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ, ಮತ್ತು ಹಣದ ಒಂದು ಭಾಗವನ್ನು ತೂಕದ ಜಾಗದಲ್ಲಿ ನಡೆಯುವ ಪರೀಕ್ಷೆ ಮುಗಿದ ಮೇಲೆ ಕೊಡುವುದಾಗಿ ಒಪ್ಪಂದ ಮಾಡಿಕೊಳ್ಳಿ.

ಆಳುಗಳಿಗೆ ಕ್ಯೂಆರ್ ಗುರುತಿನ ಚೀಟಿ ಕೊಟ್ಟು, ಬ್ಲೂಟೂತ್ ತಕ್ಕಡಿಯಿಂದ ಅಂಕಿ ನೇರವಾಗಿ ಫೋನಿಗೆ ಬರುವಂತೆ ಮಾಡುವ ವ್ಯವಸ್ಥೆಯನ್ನೂ ಯಾರಾದರೂ ನಿಮಗೆ ಮಾರಲು ಬರಬಹುದು. ಅಂಕಿ ಒತ್ತುವ ತಪ್ಪು ಅದರಿಂದ ನಿಜವಾಗಿಯೂ ಇಲ್ಲವಾಗುತ್ತದೆ. ಆದರೆ ಚೀಟಿ ಕಳೆಯುತ್ತದೆ, ನೆನೆಯುತ್ತದೆ, ಮನೆಯವರದೆಲ್ಲ ಒಬ್ಬರ ಕೈಯಲ್ಲೇ ಇರುತ್ತದೆ, ತಕ್ಕಡಿಯ ಬ್ಯಾಟರಿ ಸಂಜೆಗೇ ಮುಗಿಯುತ್ತದೆ. ಇಂಥ ದಿನಕ್ಕೆ ಹೇಗೂ ಪುಸ್ತಕ ಇಟ್ಟುಕೊಂಡಿರಬೇಕು. ತೂಕದ ಮೇಲೆ ಕೂಲಿ ನಿರ್ಧಾರವಾಗುವ ಕಡೆ ಬಳಸುವ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಪರಿಶೀಲನೆ ಮತ್ತು ಮುದ್ರೆ ಇರಬೇಕೆಂಬುದನ್ನೂ ಮರೆಯಬೇಡಿ. 40 ಆಳುಗಳ ತೋಟಕ್ಕೆ ಈ ಖರ್ಚು ಈಗ ಬೇಕೆಂದು ನನಗನ್ನಿಸುವುದಿಲ್ಲ.

ತಿದ್ದಿದ ಆ್ಯಪನ್ನು ಮುಂದಿನ ಕೊಯ್ಲಿನ ಮೊದಲ ಎರಡು ವಾರ ಪುಸ್ತಕದ ಜೊತೆಜೊತೆಗೇ ನಡೆಸಿ, ದಿನವೂ ಎರಡನ್ನೂ ಹೋಲಿಸಿ. ಎರಡೂ ಹೊಂದುತ್ತಿದ್ದರೆ, ಮತ್ತು ಪುಸ್ತಕವನ್ನು ಬದಿಗಿಡಬಹುದೆಂದು ರೈಟರು ತಾವಾಗಿಯೇ ಹೇಳಿದರೆ, ಆಗ ಬದಿಗಿಡಿ. ಹೊಂದದಿದ್ದರೆ, ಅಥವಾ ಒಬ್ಬರ ತೂಕ ಬರೆಯಲು ಪುಸ್ತಕಕ್ಕಿಂತ ಹೆಚ್ಚು ಹೊತ್ತು ಹಿಡಿದು ಸಾಲು ಬೆಳೆಯುತ್ತಿದ್ದರೆ, ತೂಕದ ಜಾಗದಲ್ಲಿ ಆ್ಯಪಿನ ಆಸೆಯನ್ನು ಬಿಟ್ಟು, ವಾರದ ಕೂಲಿ ಕೂಡುವುದಕ್ಕೆ ಮಾತ್ರ ಆಫೀಸಿನಲ್ಲಿ ಅದನ್ನು ಬಳಸಿಕೊಳ್ಳಿ. ಆಗಲೂ ನೀವು ಹಾಕಿದ ಹಣ ಪೂರ್ತಿ ವ್ಯರ್ಥವಾಗುವುದಿಲ್ಲ. ಈ ವಾರ ಮಾಡಬೇಕಾದದ್ದು ಒಂದಿದೆ. ಲೆಕ್ಕ ತಪ್ಪಿದ ಆಳುಗಳನ್ನು ಕರೆದು, ಪುಸ್ತಕ ತೆರೆದು ತೋರಿಸಿ, ಕಡಿಮೆ ಸಿಕ್ಕವರ ಬಾಕಿಯನ್ನು ಕೊಟ್ಟುಬಿಡಿ. ಹೆಚ್ಚು ಸಿಕ್ಕವರಿಂದ ವಾಪಸು ಕೇಳಬೇಡಿ. ತಪ್ಪು ಆ್ಯಪಿನಿಂದಾಯಿತೆಂದು ರೈಟರ ಎದುರಿನಲ್ಲಿಯೇ ಅವರಿಗೆ ಹೇಳಿ.